ಅಪ್ಪನ ಕಂಬಳಿ ಮತ್ತು ನಮ್ಮೂರ ನೀರು

ಕೊರೊನಾ ಗಲಾಟೆ ಮುಗಿದು ಜನ ಮಾಸ್ಕು ತೆಗೆದು ಮೂಲೆಗೆಸೆದ ವರ್ಷ ನನ್ನ ಮಗ ಹುಟ್ಟಿದ. ಮೊದಲ ಹೆರಿಗೆ ಆದ್ದರಿಂದ ಪದ್ಧತಿಯಂತೆ ತವರಿಗೆ ಬಂದಿದ್ದೆ. ಶಿರಾ ತಾಲ್ಲೂಕಿನ ಬರಗೂರಿನಲ್ಲಿ ಬಸ್ಸಿಳಿದು ಒಳಗೆ ನಡೆದರೆ ಸಿಗುವ ಸಣ್ಣ ಹಟ್ಟಿ ನನ್ನ ತವರು. ಕೊಟ್ಟ ಮನೆ ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ. ಅಲ್ಲಿ ನಮ್ಮ ಯಜಮಾನರದು ಮೊಬೈಲ್ ರಿಪೇರಿ ಅಂಗಡಿ.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಅದರಲ್ಲೂ ತವರಿನ ವಿಷಯದಲ್ಲಿ ಯಾರಾದರೂ ಒಂದು ಮಾತು ಆಡಿದರೆ ನಾನು ಹತ್ತು ಆಡದೆ ಬಿಡುವವಳಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನನಗೆ ನಮ್ಮೂರಿನ ಕಲ್ಲೂ ಮುದ್ದು, ಮುಳ್ಳೂ ಮುದ್ದು.

ನಮ್ಮಪ್ಪ ಈರಣ್ಣ ಕುರಿ ಕಾಯುವವನು. ಬೇಸಿಗೆ ಬಂತೆಂದರೆ ಮಂದೆ ಹೊಡೆದುಕೊಂಡು ಹೊರಡುತ್ತಾನೆ. ಮೊದಲೆಲ್ಲ ಪಾವಗಡ ದಾಟಿ ತಿರುಮಣಿ ಕಡೆ ಹೋಗುತ್ತಿದ್ದ. ಅಲ್ಲಿ ಹೊಲಗಳ ಮೇಲೆಲ್ಲ ಸೋಲಾರ್ ಹಲಗೆ ಎದ್ದ ಮೇಲೆ ಆ ದಾರಿ ಬಿಟ್ಟು ಹತ್ತಿರದ ಹೊಲಗಳಲ್ಲೇ ಮಂದೆ ನಿಲ್ಲಿಸುತ್ತಾನೆ. ಆಗಾಗ ಮಂದೆಯನ್ನು ಜೊತೆಗಾರರಿಗೆ ಒಪ್ಪಿಸಿ ಮನೆಗೆ ಬಂದು ಒಂದೆರಡು ದಿನ ಇದ್ದು ಹೋಗುತ್ತಾನೆ. ಎಲ್ಲಿಗೆ ಹೋದರೂ ಹೆಗಲ ಮೇಲೆ ಕರಿ ಕಂಬಳಿ ಇರಲೇಬೇಕು. ಅದು ನಮ್ಮ ತಾತನ ಕಾಲದ್ದು. ನಮ್ಮಲ್ಲಿ ಕಂಬಳಿ ಎಂದರೆ ಬರೀ ಹೊದಿಕೆಯಲ್ಲ. ಮದುವೆಗೆ ಅದೇ ಹಾಸು, ದೇವರ ಪೂಜೆಗೆ ಅದೇ ಗದ್ದುಗೆ, ಮನೆಗೆ ಬಂದ ನೆಂಟರಿಗೆ ಅದೇ ಮರ್ಯಾದೆ. ಅದನ್ನು ಸೋಪು ಹಾಕಿ ಒಗೆಯುವ ರೂಢಿಯೂ ಇಲ್ಲ, ಬಿಸಿಲಿಗೆ ಹಾಕಿ ಕೊಡವುತ್ತಾರೆ ಅಷ್ಟೆ. "ಕಂಬಳಿಗೆ ಮೈಲಿಗೆ ಇಲ್ಲ" ಎಂಬುದು ನಾನು ಹುಟ್ಟಿದಾಗಿನಿಂದ ಕೇಳಿದ ಮಾತು.

ಹೀಗಾಗಿ ಮಗುವನ್ನು ಮೊದಲು ಕಂಬಳಿಯ ಮೇಲೆ ಮಲಗಿಸಿ ಆಮೇಲೆ ತೊಟ್ಟಿಲಿಗೆ ಹಾಕಿದೆವು. ಅಂದಿನಿಂದ ಅಪ್ಪ ಮನೆಗೆ ಬಂದಾಗಲೆಲ್ಲ ಅದೇ ಆಟ. ಅವ್ವ ಕೂಸಿಗೆ ಹರಳೆಣ್ಣೆ ಹಚ್ಚಿ, ನೀರು ಹಾಕಿ ತಂದರೆ ಸಾಕು, ಅಪ್ಪ ಪಡಸಾಲೆಯಲ್ಲಿ ಕಂಬಳಿ ಮಡಿಸಿ ಹಾಸಿ ಕಾದಿರುತ್ತಿದ್ದ. "ತಾ ಇಲ್ಲಿ ನಮ್ಮ ಗೌಡ್ರುನ್ನ" ಎಂದು ಎತ್ತಿಕೊಂಡು ಮಲಗಿಸಿ, ಇನ್ನೊಂದು ಮಡಿಕೆಯನ್ನು ಮೇಲೆ ಹೊದಿಸಿ, ಪಕ್ಕದಲ್ಲಿ ಕುಳಿತು ಕುರಿ ಕೂಗಿದಂತೆ ಕೂಗಿ ನಗಿಸುತ್ತಿದ್ದ. ನಾನು ಬಾಗಿಲಿಗೆ ಒರಗಿ ನೋಡುತ್ತಿದ್ದೆ. ಅಪ್ಪ ನನ್ನನ್ನೂ ಹೀಗೇ ಆಡಿಸಿರಬೇಕು ಅನಿಸಿ ಕಣ್ಣು ತುಂಬುತ್ತಿತ್ತು.

ಮಗು ಮೊದಲ ಸಲ ಹುಷಾರು ತಪ್ಪಿದ್ದು ಶಿವರಾತ್ರಿ ಆಸುಪಾಸಿನಲ್ಲಿ. ಇದ್ದಕ್ಕಿದ್ದಂತೆ ಜೊಲ್ಲು ಸುರಿಯತೊಡಗಿತು. ಹಾಲು ಕಕ್ಕಿತು, ಭೇದಿಯಾಯಿತು, ಮೈಯೆಲ್ಲ ಬೆವರು. ಶಿರಾಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಒಂದು ದಿನ ಇರಿಸಿಕೊಂಡು ಚೆನ್ನಾಗಿಯೇ ನೋಡಿದರು. ಮಗು ಗೆಲುವಾಯಿತು. ಬೇಸಿಗೆ ಭೇದಿ ಎಂದುಕೊಂಡು ವಾಪಸ್ ಬಂದೆವು. ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

ಕೆಲವು ದಿನ ಕಳೆದು ಮತ್ತೆ ಅದೇ ಆಯಿತು. ಈ ಸಲ ಸುದ್ದಿ ಕೊಡಿಗೇನಹಳ್ಳಿ ಮುಟ್ಟಿತು. ನಮ್ಮತ್ತೆ ಫೋನಿನಲ್ಲಿ, "ನಾನು ಆವತ್ತೇ ಏಳಿದ್ನಲ್ಲ, ನಿಮ್ಮೂರ ನೀರೇ ಸರಿಯಿಲ್ಲ ಕಣಮ್ಮ. ಆ ಬೋರ್‌ವೆಲ್ ನೀರು ಕುಡ್ದು ನಿಮ್ಮೋರ ಹಲ್ಲೆಲ್ಲ ಹೆಂಗಾಗವೆ ನೋಡು" ಎಂದರು.

ಹಲ್ಲಿನ ಮಾತು ಬಂದದ್ದೇ ನನಗೆ ಉರಿದುಹೋಯಿತು. ಅಪ್ಪನ ಹಲ್ಲು, ನನ್ನ ಹಲ್ಲು ಎಲ್ಲ ಸ್ವಲ್ಪ ಕಂದು ಬಣ್ಣವೇ. "ಇದೇ ನೀರು ಕುಡ್ದೇ ನಾನು ನಿಮ್ಮ ಮನೆ ತುಂಬಿದ್ದು ಕಣತ್ತೆ. ಆಗ ಹಲ್ಲು ಕಾಣ್ಸಲಿಲ್ವ?" ಎಂದುಬಿಟ್ಟೆ.

ಅತ್ತೆಯೂ ಕಡಿಮೆಯಿಲ್ಲ. ಮಾರನೆಯ ದಿನದಿಂದ ಕೊಡಿಗೇನಹಳ್ಳಿಯ ಫಿಲ್ಟರ್ ನೀರು ಕ್ಯಾನಿನಲ್ಲಿ ತುಂಬಿ ಬಸ್ಸು ಹತ್ತಿ ಬರತೊಡಗಿತು. ಮಧುಗಿರಿಯಲ್ಲಿ ಒಂದು ಬಸ್ಸಿಂದ ಇಳಿಸಿ, ಶಿರಾ ಬಸ್ಸಿಗೆ ಹಾಕಿ, ಅಲ್ಲಿಂದ ಬರಗೂರಿಗೆ. ಕಂಡಕ್ಟರುಗಳೆಲ್ಲ ನನ್ನ ಮಗನ ಹೆಸರು ಹೇಳಿ ನಗುವಂತಾಯಿತು. ಇಷ್ಟಾದರೂ ಅತ್ತೆಗೆ ಸಮಾಧಾನವಾಗದೆ ನಮ್ಮನ್ನೇ ಕರೆಸಿಕೊಂಡರು. ಅಲ್ಲಿ ಇದ್ದಷ್ಟು ದಿನ ಮಗು ಗುಂಡುಕಲ್ಲಿನ ಹಾಗಿತ್ತು. ಅತ್ತೆ ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ನೀರು ಕುಡಿಯುವಾಗಲೆಲ್ಲ ಲೋಟ ಎತ್ತಿ ನನ್ನ ಕಡೆ ಒಮ್ಮೆ ನೋಡಿಯೇ ಕುಡಿಯುತ್ತಿದ್ದರು.

ಬಾಣಂತನ ಮುಗಿಯದೆ ಗಂಡನ ಮನೆಯಲ್ಲಿ ಇರುವುದು ಶಾಸ್ತ್ರವಲ್ಲ ಎಂದು ಅವ್ವ ಹಟ ಹಿಡಿದದ್ದರಿಂದ ಯುಗಾದಿ ಮುಗಿಸಿ ಮತ್ತೆ ತವರಿಗೆ ಬಂದೆ. ಕ್ಯಾನುಗಳೂ ಹಿಂದೆಯೇ ಬಂದವು. ಮಗುವಿನ ಸ್ನಾನಕ್ಕೂ ಅದೇ ನೀರು. ನಮ್ಮೂರ ನೀರಿನ ಮಾನ ಉಳಿಯಬೇಕಾದರೆ ಮಗು ಗಟ್ಟಿಯಾಗಿರಬೇಕು ಎಂದು ದೇವರಿಗೆ ಮುಡಿಪು ಕಟ್ಟಿದೆ.

ಹೀಗಿರುವಾಗ ಒಂದು ಬೆಳಿಗ್ಗೆ ಅಪ್ಪ ಮಂದೆಯಿಂದ ಬಂದ. ಮಗು ಕಂಡದ್ದೇ ಕಂಬಳಿ ಹಾಸಿದ. ಸ್ನಾನ ಮಾಡಿಸಿದ ಬಿಸಿಗೆ ಮಗು ಬೆವರುತ್ತ ಅದರ ಮೇಲೆಯೇ ನಿದ್ದೆ ಹೋಯಿತು. ಅಪ್ಪ ಕೊಟ್ಟಿಗೆ ಕಡೆ ಹೋದ. ಬಿಸಿಲು ಏರುವ ಹೊತ್ತಿಗೆ ಹಟ್ಟಿಗೆ ಒಂದು ಜೀಪು ಬಂತು.

ಜೀಪಿನಿಂದ ಇಳಿದವರು ಒಬ್ಬ ಹೆಂಗಸು. ತಲೆಯ ಮೇಲೆ ದುಪಟ್ಟಾ, ಕೈಯಲ್ಲಿ ಸಣ್ಣ ಬಾಟಲಿಗಳ ಚೀಲ. ಶಾಹೀನ್ ಎಂದು ಹೆಸರು ಹೇಳಿ, ಶಿರಾದವಳೇ, ಡಾಕ್ಟರಿಕೆ ಓದಿದ್ದೇನೆ ಎಂದರು. ನೀರು, ಹೊಗೆ, ಹೊಲದ ಔಷಧಿಗಳಿಂದ ಜನರ ಆರೋಗ್ಯಕ್ಕೆ ಏನಾಗುತ್ತದೆಂದು ಊರೂರು ತಿರುಗಿ ನೋಡುವುದು ಅವರ ಕೆಲಸ. ನಮ್ಮ ಮನೆ ಮುಂದಿನ ನಲ್ಲಿಯಿಂದ ನೀರು ಹಿಡಿದುಕೊಳ್ಳಲು ಬಂದಿದ್ದರು.

ನೀರು ಎಂದ ತಕ್ಷಣ ನನ್ನ ಕೋಪ ನೆತ್ತಿಗೇರಿತು. "ನೀವೂ ನಮ್ಮೂರ ನೀರಿನ ಮೇಲೆ ಗೂಬೆ ಕೂರ್ಸಾಕೆ ಬಂದ್ರಾ?" ಎಂದೆ.

ಅವರು ನಕ್ಕರು. "ಅರೆ, ನಾನಿನ್ನೂ ನೀರೇ ಹಿಡ್ದಿಲ್ಲ, ಆಗ್ಲೇ ಜಗಳ ಶುರು ಮಾಡಿಬಿಟ್ರಲ್ಲ! ಯಾರು ಏನಂದ್ರು ಹೇಳಿ."

ಅಷ್ಟು ಕೇಳಿದ್ದೇ ಸಾಕಾಯಿತು. ಜಗಲಿಯ ಮೇಲೆ ಕೂರಿಸಿ, ಅತ್ತೆಯ ಫೋನಿನಿಂದ ಹಿಡಿದು ಬಸ್ಸು ಹತ್ತಿದ ಕ್ಯಾನಿನವರೆಗೆ ಎಲ್ಲವನ್ನೂ ಒದರಿದೆ. ಅವರು ನೀರಿನ ಬಾಟಲಿ ಕೆಳಗಿಟ್ಟು ಕೇಳಿದರು. ಮುಖದ ನಗು ಹೋಗಿತ್ತು.

"ಮಗು ನೀರು ಕುಡೀತದಾ?"

"ಇಲ್ಲ ಮೇಡಂ, ಎದೆಹಾಲು ಒಂದೇ."

"ಸ್ನಾನಕ್ಕೆ?"

"ಈಗೀಗ ಕ್ಯಾನ್ ನೀರೇ."

"ಹಾಗಾದ್ರೆ ನೀರನ್ನ ಈಗ ಬಿಟ್ಟಾಕಿ. ನೀರಿನದ್ದೇ ಆದ್ರೆ ಮನೇಲಿ ಬೇರೆಯವರಿಗೂ ಏನಾದ್ರೂ ಆಗ್ಬೇಕಿತ್ತು. ಅತ್ತೆ ಮನೇಲಿ ಇಲ್ಲದ್ದು ಇಲ್ಲಿ ಏನಿದೆ, ಅದನ್ನ ಹುಡುಕ್ಬೇಕು. ಒಲೆ ಹೊಗೆ? ಸೊಳ್ಳೆ ಬತ್ತಿ? ಮೈಗೆ ಹಚ್ಚೋ ಎಣ್ಣೆ?"

ಒಂದೊಂದಕ್ಕೂ ಅವ್ವ ತಲೆಯಾಡಿಸುತ್ತ ಹೋದಳು. ಎಲ್ಲ ಎರಡೂ ಮನೆಯಲ್ಲಿ ಇದ್ದದ್ದೇ.

"ಸರಿ, ದಿನಾಲೂ ಹುಷಾರು ತಪ್ಪಲ್ಲ ಅಂದ್ರಿ. ಹಾಗಾದ ದಿನ ಮನೇಲಿ ಏನು ವಿಶೇಷ ಇತ್ತು? ಜ್ಞಾಪಿಸ್ಕೊಂಡು ಹೇಳಮ್ಮ."

"ವಿಶೇಷ ಏನಿಲ್ಲ ಮೇಡಂ. ಮೊದ್ಲ ಸಲ ಅಪ್ಪ ಮಂದೆಯಿಂದ ಬಂದಿದ್ದ, ಮನೇಲಿ ಹೋಳಿಗೆ ಮಾಡಿದ್ವಿ. ಎರಡ್ನೇ ಸಲಾನೂ ಅಪ್ಪ ಬಂದಿದ್ದ…"

ಅಷ್ಟು ಹೇಳುವಾಗಲೇ ಪಡಸಾಲೆಯ ಕಡೆ ತಿರುಗಿದೆ. ಅಪ್ಪ ಇವತ್ತೂ ಬಂದಿದ್ದ.

ಮೇಡಂ ಎದ್ದೇಬಿಟ್ಟರು. "ಮಗು ಎಲ್ಲಿ?"

ಪಡಸಾಲೆಯಲ್ಲಿ ಕಂಬಳಿಯ ಮಡಿಕೆಯೊಳಗೆ ಮಗು ಇತ್ತು. ನಿದ್ದೆ ಎಂದುಕೊಂಡಿದ್ದೆವು, ನಿದ್ದೆಯಾಗಿರಲಿಲ್ಲ. ಬಾಯಲ್ಲಿ ನೊರೆಯಂಥ ಜೊಲ್ಲು, ಎದೆಯಲ್ಲಿ ಗೊರಗೊರ ಸದ್ದು, ಕೈಕಾಲು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಮೇಡಂ ರೆಪ್ಪೆ ಬಿಡಿಸಿ ನೋಡಿ, "ಯಾ ಅಲ್ಲಾ" ಎಂದರು. ಕಣ್ಣಿನ ಪಾಪೆ ಸಾಸಿವೆಗಿಂತಲೂ ಸಣ್ಣದಾಗಿತ್ತು. ಆಮೇಲೆ ಬಗ್ಗಿ ಕಂಬಳಿ ಮೂಸಿದರು.

"ಈ ಕಂಬಳಿಗೆ ಏನು ಹಾಕಿದ್ದೀರ?"

ಸದ್ದಿಗೆ ಓಡಿ ಬಂದಿದ್ದ ಅಪ್ಪ ಬಾಗಿಲಲ್ಲೇ ನಿಂತಿದ್ದ. "ಏನೂ ಇಲ್ಲ ಕಣವ್ವ. ಶಿವರಾತ್ರಿಗೆ ಮುಂಚೆ ಕುರಿಗೆ ಉಣ್ಣಿ ಆಗಿದ್ವು. ತೊಗರಿಗೆ ಒಡ್ದು ಉಳ್ದಿದ್ದ ಔಷ್ದಿ ನೀರಿಗಾಕಿ ಕುರಿ ಅದ್ದಿದ್ವಿ. ಕೊನೇಗೆ ಕಂಬ್ಳೀನೂ ಅದ್ದಿ ಒಣಾಕ್ದೆ. ಕೂಸಿಗೆ ಉಣ್ಣಿ ಕಚ್ಬಾರ್ದಲ್ಲ ಅಂತ ಮೊನ್ನೆ ಇನ್ನೊಂದು ಸಲ ಜಾಸ್ತೀನೇ ಆಕಿ ಅದ್ದಿವ್ನಿ."

ಮೈಲಿಗೆ ಇಲ್ಲದ ಕಂಬಳಿ! ಅದರ ಮೇಲೆ ಯಾರಿಗೆ ತಾನೇ ಅನುಮಾನ ಬಂದೀತು? ನಮ್ಮ ಕಡೆ ಕುರಿ ಅದ್ದುವ ಗುಂಡಿಗೆ ಕೊನೆಯಲ್ಲಿ ಕಂಬಳಿ ಅದ್ದುವುದು ಎಲ್ಲ ಕುರಿಗಾರರೂ ಮಾಡುವ ಕೆಲಸ. ಮಂದೆಗೆ ಆದದ್ದು ಕಂಬಳಿಗೂ ಆಗಬೇಕು ಎನ್ನುತ್ತಾರೆ. ಹಿಂದೆ ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ಅದ್ದುತ್ತಿದ್ದರಂತೆ. ನೀರಿನೊಳಗಿನ ಔಷಧಿ ಬದಲಾಯಿತು, ಅದ್ದುವುದು ಮಾತ್ರ ಹಾಗೇ ಉಳಿಯಿತು.

ಮುಂದೆ ಆದದ್ದೆಲ್ಲ ನನಗೆ ಚೂರುಚೂರಾಗಿ ನೆನಪಿದೆ. ಮೇಡಮ್ಮೇ ಮಗುವಿನ ಬಟ್ಟೆ ಬಿಚ್ಚಿ ಆಚೆ ಎಸೆದು, "ಬೇಗ ನೀರು, ಸೋಪು!" ಎಂದರು. ಅವ್ವ ಅತ್ತೆಯ ಕ್ಯಾನನ್ನೇ ಬಗ್ಗಿಸಿದಳು. ತಲೆಯಿಂದ ಪಾದದವರೆಗೆ ಸೋಪು ಹಾಕಿ ತೊಳೆದು, ಜೊಲ್ಲು ಗಂಟಲಿಗೆ ಇಳಿಯದಂತೆ ಮಗ್ಗುಲಿಗೆ ಹಿಡಿದುಕೊಂಡು ಜೀಪು ಹತ್ತಿದರು. ದಾರಿಯುದ್ದಕ್ಕೂ ಫೋನಿನಲ್ಲಿ ಶಿರಾದ ಆಸ್ಪತ್ರೆಯವರ ಜೊತೆ ಮಾತು. ಹುಳದ ಔಷಧಿ ಚರ್ಮದಿಂದ ಮೈಗೆ ಇಳಿದಿದೆ, ಇಂತಿಂಥದ್ದು ಸಿದ್ಧ ಮಾಡಿಡಿ ಎಂದು ಹೇಳುತ್ತಿದ್ದರು. ನಾನು ಮಗುವಿನ ಕಾಲು ಹಿಡಿದುಕೊಂಡು, ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತಿದ್ದೆ. ಒಂದು ಕಡೆ ಎದೆಯ ಸದ್ದು ನಿಂತಂತಾಯಿತು. ನನ್ನ ಜೀವವೂ ಅಲ್ಲೇ ನಿಂತಿತು. ಮೇಡಂ ಮಗುವಿನ ಬಾಯಿ ಒರೆಸಿ, ತಮ್ಮ ಬಾಯಿಂದ ಉಸಿರು ಕೊಟ್ಟರು. ಮತ್ತೆ ಸದ್ದು ಬಂತು.

ಆಸ್ಪತ್ರೆಯ ಬಾಗಿಲಲ್ಲೇ ನರ್ಸು, ಡಾಕ್ಟರು ಕಾದಿದ್ದರು. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ಸಂಜೆ ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ನನ್ನ ಮಗ ಕಣ್ಣು ಬಿಟ್ಟು, ಇಡೀ ವಾರ್ಡು ತಿರುಗಿ ನೋಡುವಂತೆ ಕಿರುಚಿ ಅತ್ತ. ಅಂಥ ಇಂಪಾದ ಅಳುವನ್ನು ನಾನು ಅದಕ್ಕೂ ಮುಂಚೆ ಕೇಳಿಲ್ಲ, ಆಮೇಲೂ ಕೇಳಿಲ್ಲ.

ಆಗ ನೆನಪಾಯಿತು. "ಅಪ್ಪ ಎಲ್ಲಿ?"

ಅಪ್ಪ ಬಸ್ಸು ಹತ್ತಿ ಹಿಂದೆಯೇ ಬಂದಿದ್ದ. ಆದರೆ ಒಳಗೆ ಬಂದಿರಲಿಲ್ಲ. ಗೇಟಿನ ಹೊರಗೆ ಮಣ್ಣಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಹೆಗಲು ಬರಿದಾಗಿತ್ತು. ಕಂಬಳಿ ಇಲ್ಲದ ಅಪ್ಪನನ್ನು ನಾನು ನೋಡಿದ್ದು ಅದೇ ಮೊದಲು. ಹಟ್ಟಿಯಲ್ಲಿ ಯಾರೋ ಪುಣ್ಯಾತ್ಮರು ಅವನ ಕಿವಿಗೆ ಬೀಳುವಂತೆಯೇ, "ಬೇಲಿನೇ ಎದ್ದು ಹೊಲ ಮೇಯ್ದಂಗಾತು" ಅಂದಿದ್ದರಂತೆ. ಯಾರೆಂದು ಅವ್ವ ಇವತ್ತಿಗೂ ನನಗೆ ಹೇಳಿಲ್ಲ, ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತು.

"ಬಾಪ್ಪ, ಕೂಸು ಅಳ್ತಾ ಐತೆ, ಎತ್ಕೊ ಬಾ" ಎಂದೆ.

"ನಾನು ಮುಟ್ಟಾಕಿಲ್ಲ ಕಣವ್ವ. ಈ ಕೈನಾಗೆ ಇನ್ನು ಕೂಸುನ್ನ ಮುಟ್ಟಾಕಿಲ್ಲ. ನೀನು ನಾಳೆನೇ ನಿಮ್ಮೂರಿಗೆ ಒಂಟೋಗು" ಎಂದು ಎರಡೂ ಕೈ ಮಡಿಸಿ ಕಂಕುಳಲ್ಲಿ ಅಡಗಿಸಿಕೊಂಡ.

ಜಗಳಕ್ಕೆ ನೂರು ಮಾತು ಬರುವ ಬಾಯಿಗೆ ಸಮಾಧಾನದ ಒಂದು ಮಾತು ಬರಲಿಲ್ಲ. ಮಗ ಉಳಿದ, ಅಪ್ಪ ಹೋದ ಅನಿಸಿತು.

ಆಗ ಶಾಹೀನ್ ಮೇಡಂ ಹೊರಗೆ ಬಂದರು. ಬೈಯುತ್ತಾರೇನೋ ಎಂದುಕೊಂಡೆ. ಅವರು ಬಂದು ಅಪ್ಪನ ಎದುರು ಅದೇ ಮಣ್ಣಿನಲ್ಲಿ ಕುಳಿತರು.

"ಅಜ್ಜ, ಕುರಿ ಅದ್ದಿದ ದಿನ ನಿಮಗೆ ತಲೆನೋವು ಬರ್ತಿತ್ತಾ?"

ಅಪ್ಪ ಮುಖ ಎತ್ತಲಿಲ್ಲ. "ಬರ್ತಿತ್ತು. ಬಿಸ್ಲಿಗೆ ಅಂದ್ಕೊಂಡಿದ್ದೆ."

"ಕೈ ನಡುಗೋದು? ಕಣ್ಣು ಮಂಜಾಗೋದು?"

"ಎಲ್ಡೂ ಆಯ್ತಿತ್ತು. ವಯಸ್ಸಾತಲ್ಲವ್ವ."

"ವಯಸ್ಸಲ್ಲ ಅಜ್ಜ. ಆ ವಿಷ ಮೊದ್ಲು ಇಳಿದಿರೋದು ನಿಮ್ಮ ಮೈಗೆ. ದಿನಾ ಹೊದ್ದು ಮಲಗೋರು ನೀವು. ನಿಮ್ಮದು ದೊಡ್ಡ ಮೈ, ಹೆಂಗೋ ತಡ್ಕೊಂಡಿದೆ. ಮಗೂದು ಬೊಗಸೆಯಷ್ಟು ಮೈ, ಎಣ್ಣೆ ಹಚ್ಚಿದ ತೆಳು ಚರ್ಮ, ತಡ್ಕೊಳ್ಳಲಿಲ್ಲ. ಬೆಳೆಗೆ ಹೊಡಿಯೋ ಔಷಧಿ ಮೈಮೇಲೆ ಹಾಕೋದಕ್ಕಲ್ಲ ಅಂತ ನಿಮಗೆ ಯಾರೂ ಹೇಳಿಲ್ಲ. ವಿಷ ಎಲ್ಲಿದೆ ಅಂತ ಗೊತ್ತಾದ್ರೆ ಸಾಲದು, ಅದು ಯಾವ ದಾರೀಲಿ ಬರ್ತದೆ, ಎಷ್ಟು ಬರ್ತದೆ, ಯಾರ ಮೈಗೆ ಬರ್ತದೆ, ಅದನ್ನ ನೋಡೋದೇ ನನ್ನ ಕೆಲಸ. ನಡೀರಿ, ಒಳಗೆ ನಿಮ್ಮ ರಕ್ತಾನೂ ತೋರಿಸ್ಬೇಕು. ಮೊದಲು ಕೈ ತೊಳೀರಿ, ಸೋಪು ಹಾಕಿ."

ಅಪರಾಧಿಯಾಗಿ ಕುಳಿತಿದ್ದ ಅಪ್ಪ ರೋಗಿಯಾಗಿ ಎದ್ದ. ಅವರು ಹೇಳಿದ್ದೆಲ್ಲ ನಿಜವೇ, ಅಪ್ಪನಿಗೂ ಆಮೇಲೆ ಚಿಕಿತ್ಸೆ ಬೇಕಾಯಿತು. ಆದರೆ ಅದನ್ನು ಹೇಳಿದ ರೀತಿ ಇದೆಯಲ್ಲ, ಅದಕ್ಕೆ ನಾನು ಅವರ ಪಾದ ತೊಳೆದರೂ ಕಡಿಮೆಯೇ. ಅಪ್ಪ ನಲ್ಲಿಯ ಕೆಳಗೆ ಕೈ ಉಜ್ಜಿ ಉಜ್ಜಿ ತೊಳೆದ. ಮೇಡಂ ಮಗುವನ್ನು ತಂದು, ಕೇಳದೆಯೇ ಆ ಕೈಗಳಲ್ಲಿ ಇಟ್ಟರು. ಮಗು ಅವನ ಮೀಸೆ ಹಿಡಿದೆಳೆಯಿತು. ಅಪ್ಪ ಗೊಳೋ ಎಂದು ಅತ್ತ. ನಾನೂ ಅತ್ತೆ.

ಕಂಬಳಿಯನ್ನು ಸುಡಬೇಡಿ, ಹೊಗೆಯೂ ವಿಷವೇ, ಕೆರೆ ಬಾವಿ ಹತ್ತಿರ ಎಸೆಯಬೇಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನೀರಿಲ್ಲದ ದಿಣ್ಣೆಯಲ್ಲಿ ಆಳವಾಗಿ ಹೂಳಿ ಎಂದು ಮೇಡಂ ಹೇಳಿದ್ದರು. ಅಪ್ಪ ಹಾಗೆಯೇ ಮಾಡಿದ. ಗುಂಡಿಗೆ ಮಣ್ಣು ಎಳೆದು, ಅರಿಶಿನ ಕುಂಕುಮ ಹಾಕಿ, ಕಾಯಿ ಒಡೆದು, "ನಿಂದೇನೂ ತಪ್ಪಿಲ್ಲ ಕಣಪ್ಪ" ಎಂದು ಕೈ ಮುಗಿದ. ಆಮೇಲೆ ಹಟ್ಟಿಯ ಕುರಿಗಾರರನ್ನೆಲ್ಲ ಮನೆ ಮುಂದೆ ಕೂರಿಸಿಕೊಂಡು ತಾನು ಮಾಡಿದ್ದನ್ನು ಒಂದೂ ಮುಚ್ಚಿಡದೆ ಹೇಳಿದ. ಈಗ ನಮ್ಮ ಹಟ್ಟಿಯಲ್ಲಿ ಪಶು ಡಾಕ್ಟರನ್ನು ಕೇಳಿಯೇ ಉಣ್ಣಿಗೆ ಔಷಧಿ ಹಾಕುತ್ತಾರೆ. ಕಂಬಳಿಯನ್ನಂತೂ ಯಾರೂ ಅದ್ದುವುದಿಲ್ಲ. ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಅಪ್ಪ ಹೋಗಿ ಮೊದಲು ಹಾಸಿಗೆ ಮೂಸಿ ಬರುತ್ತಾನೆ. ಮಕ್ಕಳು ಅವನನ್ನು "ಮೂಸೋ ತಾತ" ಎಂದು ಕರೆಯುತ್ತವೆ.

ಮೇಡಂ ಹಿಡಿದುಕೊಂಡು ಹೋದ ನೀರಿನ ಫಲಿತಾಂಶವೂ ಬಂತು. ನಮ್ಮೂರ ಬೋರ್‌ವೆಲ್‌ನಲ್ಲಿ ಫ್ಲೋರೈಡ್ ಜಾಸ್ತಿ ಇದೆಯಂತೆ, ಹಲ್ಲಿನ ಕಂದು ಬಣ್ಣ ಅದರದ್ದೇ ಅಂತೆ, ಕುಡಿಯುವುದಕ್ಕೆ ಫಿಲ್ಟರ್ ನೀರೇ ವಾಸಿ ಅಂತೆ. ಇದನ್ನು ನಾನು ನಮ್ಮತ್ತೆಗೆ ಇಲ್ಲಿಯವರೆಗೂ ಹೇಳಿಲ್ಲ. ಇದನ್ನು ಓದಿದ ಮೇಲೆ ಅವರು ಲೋಟ ಎತ್ತಿ ಹೇಗೆ ನೋಡುತ್ತಾರೆಂದು ಈಗಲೇ ಕಣ್ಣಿಗೆ ಕಟ್ಟುತ್ತಿದೆ. ನೋಡಲಿ ಬಿಡಿ. ಅವರು ಕಳಿಸಿದ ನೀರಿನಲ್ಲೇ ಅಲ್ಲವೇ ಆವತ್ತು ನನ್ನ ಮಗನ ಮೈ ತೊಳೆದದ್ದು.

ಮರುವರ್ಷ ಶಾಹೀನ್ ಮೇಡಂ ಮತ್ತೆ ನಮ್ಮ ಕಡೆ ಬಂದರು. ನಾನೂ ಮಗನನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ಅಷ್ಟರಲ್ಲಿ ಅಪ್ಪ ಔಷಧಿ ಸೋಕದ ಮರಿಗಳ ತುಪ್ಪಟ ಕತ್ತರಿಸಿ, ಅವ್ವನ ಕೈಯಲ್ಲಿ ನೂಲು ತೆಗೆಸಿ, ಹೊಸ ಕಂಬಳಿ ನೇಯಿಸಿದ್ದ. ಬಿಗಿ ಬರಲೆಂದು ಬಳಿದ ಹುಣಸೇಬೀಜದ ಗಂಜಿಯ ವಾಸನೆ ಇನ್ನೂ ಆರಿರಲಿಲ್ಲ. ಜೀಪಿನ ಸದ್ದು ಕೇಳಿದ್ದೇ ಅಪ್ಪ ಓಡಿಹೋಗಿ ಅದನ್ನು ತಂದು ಜಗಲಿಯ ಮೇಲೆ ಹಾಸಿದ. ಹಾಸಿದವನು ಥಟ್ಟನೆ ಬಗ್ಗಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತಾನೇ ಮೂಸಿದ. ಆಮೇಲೆ ಮೇಡಂ ಕಡೆ ತಿರುಗಿದ.

"ಇದುನ್ನ ಅದ್ದಿಲ್ಲ ಕಣವ್ವ. ಕುಂತ್ಕೊ."

ಮೇಡಂ ಕೂರುವ ಮೊದಲೇ ನನ್ನ ಮಗ ತಪ್ಪು ಹೆಜ್ಜೆ ಇಡುತ್ತ ಬಂದು ನಟ್ಟನಡುವೆ ಕುಳಿತುಬಿಟ್ಟ. ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಪ್ಪ ನನ್ನ ಮುಖ ನೋಡಿದ. ನಾನು ಎತ್ತಿಕೊಳ್ಳಲಿಲ್ಲ. ಮೇಡಂ ಚಪ್ಪಲಿ ಬಿಟ್ಟು ಬಂದು ಅವನ ಪಕ್ಕದಲ್ಲಿ ಕುಳಿತರು. ಆಮೇಲೆ ಕೈ ಚಾಚಿ ಅಪ್ಪನನ್ನೂ ಕರೆದರು.